ಹಾವಿನ ಕಣ್ಣಂಚಿನ ಕಪ್ಪು ಚುಕ್ಕೆ

ಮಕ್ಕಳೇ, ನಾಯಿಯ ಕಿವಿಯಲ್ಲಿ, ಎಮ್ಮೆಯ ಮೈಮೇಲೆ ಉಣ್ಣೆ ಕಚ್ಚಿಕೊಂಡಿರುವುದನ್ನು ನೀವು ನೋಡಿರುತ್ತೀರಿ. ಆದರೆ ಹಾವಿಗೂ ರಕ್ತ ಹೀರುವ ಪುಟ್ಟ ಜೀವಿಗಳ ಕಾಟ ಉಂಟು ಎಂದರೆ ನಂಬುತ್ತೀರಾ? 2019ರಲ್ಲಿ ಕಣ್ಣಾರೆ ನೋಡುವ ತನಕ ನಾನೂ ನಂಬಿರಲಿಲ್ಲ.

ಆ ವರ್ಷ ನಾನು ಅಮೆರಿಕದ ಟೆಕ್ಸಾಸಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳ ಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಕಿತ್ತಳೆ ಬಣ್ಣದ ಹಾವು! "ಹೆದರಬೇಡಿ ದೊಡ್ಡಮ್ಮ, ಇದಕ್ಕೆ ವಿಷವಿಲ್ಲ" ಎಂದು ಹುಡುಗಿ ನಕ್ಕಳು. ಅದು ಕಾರ್ನ್ ಸ್ನೇಕ್ ಎಂಬ ಜಾತಿ. ಇಲಿ ತಿಂದು ಬದುಕುತ್ತದೆ. ಅಲ್ಲಿ ಅದನ್ನು ಸಾಕುವವರು ಬಹಳ ಮಂದಿ. ನಮ್ಮಲ್ಲಿ ಹಾಗಿಲ್ಲ. ನಮ್ಮ ಕಾಡುಮೇಡುಗಳ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅವುಗಳನ್ನು ದೂರದಿಂದ ನೋಡುವುದೇ ಸರಿ.

ಕೆಲವು ದಿನಗಳಿಂದ ಆ ಹಾವು ನೀರಿನ ಬೋಗುಣಿ ಬಿಟ್ಟು ಏಳುತ್ತಿರಲಿಲ್ಲ. ಇಲಿ ಕೊಟ್ಟರೂ ಮುಟ್ಟಲಿಲ್ಲ. "ಸೆಕೆಗೆ ಹಾಗೆ ಮಾಡುತ್ತಿರಬೇಕು" ಎಂದೆ ನಾನು. ಒಂದು ಬೆಳಿಗ್ಗೆ ನೀರು ಬದಲಿಸಲು ಹೋದ ಹುಡುಗಿ ನನ್ನನ್ನು ಕೂಗಿದಳು. ನೀರಿನ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು! ಹಾವಿನ ಕಣ್ಣಂಚಿನಲ್ಲೂ ಅವೇ ಚುಕ್ಕೆಗಳು. ಒಂದನ್ನು ಬಿಳಿ ಕಾಗದದಿಂದ ಒರೆಸಿದೆ. ಕೆಂಪು ಗೆರೆ ಮೂಡಿತು. ಅದು ಹಾವಿನ ರಕ್ತ.

ಇದೇ ಹಾವಿನ ನುಸಿ. ತೆಂಗಿನಕಾಯಿಗೆ ಬರುವ ನುಸಿಯ ಹೆಸರು ನೀವು ಕೇಳಿದ್ದೀರಲ್ಲ? ಇದು ಅದರ ದೂರದ ನೆಂಟ. ಕೀಟವಲ್ಲ, ಜೇಡನ ಬಳಗಕ್ಕೆ ಸೇರಿದ ಜೀವಿ. ಬೆಳೆದ ನುಸಿಗೆ ಎಂಟು ಕಾಲು, ಉದ್ದ ಸುಮಾರು ಒಂದು ಮಿಲಿಮೀಟರ್. ಕೆರೆದುಕೊಳ್ಳಲು ಹಾವಿಗೆ ಕೈಯಿಲ್ಲ. ಅದಕ್ಕೇ ಪಾಪ, ನೀರಿನಲ್ಲಿ ಮುಳುಗಿ ಕೂತಿತ್ತು!

ಹಾವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಮತ್ತೆ ಪೆಟ್ಟಿಗೆಯಲ್ಲಿ ಬಿಟ್ಟೆವು. ಚುಕ್ಕೆಗಳು ಮಾಯವಾದವು. ಹುಡುಗಿ ಕುಣಿದಾಡಿದಳು. ಎರಡು ವಾರ ಕಳೆಯುವಷ್ಟರಲ್ಲಿ ನುಸಿಗಳು ಮೊದಲಿಗಿಂತ ಹೆಚ್ಚಾಗಿ ಬಂದವು. ಹಾವು ಜೋತುಬಿದ್ದಿತ್ತು. "ಸತ್ತು ಹೋಗುತ್ತದಾ ದೊಡ್ಡಮ್ಮ?" ಎಂದು ಅವಳು ಅತ್ತಳು.

ಆಗ ನನಗೆ ಅಜ್ಜಿಯ ಹೇಂಟೆ ನೆನಪಾಯಿತು. ನಾನು ಆರನೇ ತರಗತಿಯಲ್ಲಿದ್ದಾಗ ಕಾವಿಗೆ ಕೂತಿದ್ದ ಹೇಂಟೆಗೆ ನುಸಿ ಹತ್ತಿತು. ಅಜ್ಜಿ ಅದರ ಮೈಗೆ ಬೂದಿ ಸವರಿ ಅದೇ ಬುಟ್ಟಿಯಲ್ಲಿ ಕೂರಿಸಿದರು. ನಾಲ್ಕೇ ದಿನದಲ್ಲಿ ಹೇಂಟೆ ಮೊಟ್ಟೆಗಳನ್ನು ಬಿಟ್ಟು ಎದ್ದುಹೋಯಿತು. ಹನ್ನೊಂದು ಮೊಟ್ಟೆಯೂ ಹಾಳಾದವು. ಬುಟ್ಟಿಯ ಹೆಣಿಗೆಯ ಸಂದುಗಳನ್ನು ಬಿಡಿಸಿ ನೋಡಿದರೆ ಅಲ್ಲೆಲ್ಲ ನುಸಿ! ಅಜ್ಜಿ ಹುಲ್ಲನ್ನು ಸುಟ್ಟು, ಬುಟ್ಟಿಗೆ ಕುದಿಯುವ ನೀರು ಸುರಿದು ಬಿಸಿಲಿಗಿಟ್ಟರು. ಅಷ್ಟಾದರೂ ನಾನು ಅದೇ ತಪ್ಪು ಮಾಡಿದ್ದೆ. ಹಾವನ್ನು ತೊಳೆದೆ, ಹಾವಿನ ಮನೆಯನ್ನು ತೊಳೆಯಲಿಲ್ಲ.

ಪಶುವೈದ್ಯರು ಹೇಳಿದ್ದೂ ಅದನ್ನೇ. ನುಸಿ ರಕ್ತ ಕುಡಿಯುವುದು ಹಾವಿನ ಮೈಮೇಲೆ. ಮೊಟ್ಟೆ ಇಡುವುದು ಪೆಟ್ಟಿಗೆಯ ಕತ್ತಲೆಯ, ತೇವದ ಸಂದುಗಳಲ್ಲಿ. ಒಂದು ಹೆಣ್ಣು 60ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಬೆಚ್ಚಗಿದ್ದರೆ ಎರಡು ಮೂರು ವಾರಗಳಲ್ಲಿ ಮರಿಗಳು ಬೆಳೆದು ತಾವೂ ಮೊಟ್ಟೆಯಿಡುತ್ತವೆ. 60ರಲ್ಲಿ 30 ಹೆಣ್ಣಾದರೆ ಮುಂದಿನ ಸರದಿಯಲ್ಲಿ ಎಷ್ಟು ಮೊಟ್ಟೆ? ಲೆಕ್ಕ ಮಾಡಿ. 1,800!

ವೈದ್ಯರು ಹೇಳಿದ ಅಳತೆಯಲ್ಲೇ ಔಷಧ ಹಾಕಿದೆವು. ಹೆಚ್ಚಾದರೆ ಹಾವಿಗೇ ಅಪಾಯ. ಪೆಟ್ಟಿಗೆಯಲ್ಲಿ ಹಾಸಿದ್ದ ಮರದ ಹೊಟ್ಟನ್ನು ಚೀಲದಲ್ಲಿ ಕಟ್ಟಿ ಎಸೆದೆವು. ಮೂಲೆ ಮೂಲೆಯನ್ನೂ ಬಿಸಿನೀರಿನಿಂದ ಉಜ್ಜಿದೆವು. ಹೊಟ್ಟಿನ ಬದಲು ಬಿಳಿ ಕಾಗದ ಹಾಸಿದೆವು. ಒಂದು ನುಸಿ ಓಡಾಡಿದರೂ ಅದರ ಮೇಲೆ ಎದ್ದು ಕಾಣುತ್ತಿತ್ತು. ಮೊಟ್ಟೆಯೊಡೆದು ಹೊಸ ಮರಿಗಳು ಬರುತ್ತಲೇ ಇರುವುದರಿಂದ ಈ ಕೆಲಸವನ್ನು ಕೆಲವು ವಾರ ಬಿಡದೆ ಮಾಡಿದೆವು.

ನುಸಿ ಬಂದದ್ದಾದರೂ ಎಲ್ಲಿಂದ? ಹುಡುಗಿ ನೆನಪಿಸಿಕೊಂಡಳು. ಹಾವು ಸಾಕಿದ್ದ ಗೆಳತಿಯೊಬ್ಬಳು ಟೊಳ್ಳು ಮರದ ತುಂಡೊಂದನ್ನು ಕೊಟ್ಟಿದ್ದಳು. ಅದನ್ನು ತೊಳೆಯದೆ ಒಳಗಿಟ್ಟಿದ್ದಳು! ಅಂದಿನಿಂದ ಅವಳದು ಒಂದೇ ನಿಯಮ. ಹೊಸ ವಸ್ತುವನ್ನು ಬಿಸಿನೀರಿನಲ್ಲಿ ತೊಳೆಯದೆ ಒಳಗಿಡುವಂತಿಲ್ಲ. ಹೊಸ ಹಾವು ತಂದರೆ ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು ಗಮನಿಸಬೇಕು. ಹಳೆಯ ಹಾವನ್ನು ಮುಟ್ಟುವ ಮುನ್ನ ಕೈ ತೊಳೆಯಬೇಕು.

ನಾನು ಊರಿಗೆ ಮರಳಿದ ಮೇಲೆ ಒಂದು ದಿನ ಅವಳ ಫೋನ್ ಬಂತು. "ದೊಡ್ಡಮ್ಮ, ಇವತ್ತು ಇಲಿ ತಿಂತು!"

ನಿಮ್ಮ ಮನೆಯಲ್ಲಿ ಕೋಳಿ ಇದೆಯೇ? ಹಾಗಾದರೆ ಮನೆಯ ಹಿರಿಯರ ಜೊತೆ ಒಂದು ಕೆಲಸ ಮಾಡಿ. ಖಾಲಿ ಕೋಳಿಬುಟ್ಟಿಯನ್ನು ಬಿಳಿ ಬಟ್ಟೆಯ ಮೇಲೆ ಮೆಲ್ಲಗೆ ಕೊಡವಿ. ಚುಕ್ಕೆಗಳು ಹರಿದಾಡಿದರೆ ಕೋಳಿಯ ಮೈಯನ್ನಷ್ಟೇ ನೋಡಬೇಡಿ. ಬುಟ್ಟಿಯನ್ನೂ ಗೂಡನ್ನೂ ಶುಚಿ ಮಾಡಿ, ಪಶುವೈದ್ಯರನ್ನು ಕೇಳಿ. ಕೊನೆಗೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಮರೆಯಬೇಡಿ!