ಕತ್ತಲ ಊರಿನ ಕುಣಿತ

ಸ್ಕಾಟ್ಲೆಂಡಿನ ಎಡಿನ್‌ಬರೋ ಇರುವುದು ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಸುಮಾರು 7 ಗಂಟೆ ಮಾತ್ರ. ದೂರದಿಂದ ಓದಲು ಬಂದವರಿಗೆ ಚಳಿಗಿಂತ ಒಂಟಿತನವೇ ಹೆಚ್ಚು ಕಾಡಬಹುದು. ಅದಕ್ಕೊಂದು ಮದ್ದು ವಿಶ್ವವಿದ್ಯಾಲಯದ ಸ್ಕಾಟಿಷ್ ಕಂಟ್ರಿ ಡಾನ್ಸ್ ಸಂಘ.

ನವೆಂಬರ್ 30 ಸಂತ ಆಂಡ್ರೂ ದಿನ. ಜನವರಿ 25 ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಇಂಥ ದಿನಗಳ ಆಸುಪಾಸಿನಲ್ಲಿ ಕುಣಿತದ ಕೂಟಗಳು ನಡೆಯುತ್ತವೆ. ಪಿಟೀಲು, ಅಕಾರ್ಡಿಯನ್ ನುಡಿಯುತ್ತಿದ್ದಂತೆ ಸಾಮಾನ್ಯವಾಗಿ ನಾಲ್ಕು ಜೋಡಿಗಳು ಎದುರುಬದುರು ಸಾಲಾಗಿ ನಿಲ್ಲುತ್ತವೆ. ಮೊದಲ ಜೋಡಿ ತನ್ನ ಸರದಿ ಮುಗಿಸಿ ಸಾಲಿನ ಕೊನೆಗೆ ಹೋದರೆ, ಎರಡನೆಯದು ಮುಂದೆ ಬರುತ್ತದೆ. ಎಲ್ಲರಿಗೂ ಮೊದಲ ಸ್ಥಾನ ಸಿಕ್ಕೇ ಸಿಗುತ್ತದೆ! ಪ್ರತಿ ಕುಣಿತಕ್ಕೂ ಜೊತೆಗಾರರನ್ನು ಬದಲಿಸುವ ರೂಢಿಯಿರುವುದರಿಂದ ಒಬ್ಬರೇ ಬಂದವರೂ ಮೂಲೆ ಸೇರಬೇಕಿಲ್ಲ.

ಮಕ್ಕಳನ್ನು ಅಲ್ಲಿಗೆ ಕಳುಹಿಸುವ ತಂದೆತಾಯಂದಿರು ಉಣ್ಣೆಯ ಕೋಟಿನ ಜೊತೆಗೆ ಈ ಮಾತನ್ನೂ ಕಟ್ಟಿಕೊಡಲಿ: ಸಂಜೆ ಕೋಣೆಯಲ್ಲಿ ಒಬ್ಬನೇ ಕೂರಬೇಡ, ಹೋಗಿ ಸಾಲಿನಲ್ಲಿ ನಿಲ್ಲು.