ಕಣ್ಣಿಗೆ ಕಾವಲು

ಅಕ್ಕರೆಯಿಂದ ಮಕ್ಕಳನ್ನು ಸಾಕಿದವರನ್ನು ಕುರಿತು ನಮ್ಮ ಜನ ‘ಕಣ್ಣಿಗೆ ರೆಪ್ಪೆಯ ಹಾಗೆ ಕಾಪಾಡಿದರು’ ಎನ್ನುತ್ತಾರೆ. ಹೊತ್ತು ಸರಿದದ್ದೇ ತಿಳಿಯದಿದ್ದರೆ ‘ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ’ ಎನ್ನುತ್ತಾರೆ. ಆಸೆಯಿಂದ ನೋಡಿದವರು ‘ಎವೆಯಿಕ್ಕದೆ’ ನೋಡುತ್ತಾರೆ. ಕಣ್ಣನ್ನು ಹೊಗಳಿದ ಕವಿಗಳಿಗೆ ಲೆಕ್ಕವಿಲ್ಲ. ಕಮಲವೆಂದರು, ಮೀನೆಂದರು, ಜಿಂಕೆಯ ಕಣ್ಣೆಂದರು. ಆ ಕಣ್ಣನ್ನು ಹಗಲಿರುಳೂ ಕಾಯುವ ರೆಪ್ಪೆಯ ಋಣವನ್ನು ನೆನೆದದ್ದು ಹೆಚ್ಚಾಗಿ ನಮ್ಮ ಆಡುಮಾತೇ. ನಾನು ಕಣ್ಣಿನ ವೈದ್ಯ. ಕಣ್ಣುಗುಡ್ಡೆಗಿಂತ ಅದರ ಸುತ್ತಣ ರೆಪ್ಪೆ, ಕಣ್ಣೀರಿನ ನಾಳ ಮತ್ತು ಕಣ್ಣುಗೂಡುಗಳ ಚಿಕಿತ್ಸೆಯಲ್ಲಿಯೇ ಹಲವು ವರ್ಷಗಳನ್ನು ಕಳೆದವನು. ಆದುದರಿಂದ ಈ ಮೂಕ ಕಾವಲುಗಾರನ ಪರವಾಗಿ ನಾಲ್ಕು ಮಾತು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಪುರಾಣದಲ್ಲಿ ನಿಮಿಯೆಂಬ ರಾಜನ ಕಥೆ ಬರುತ್ತದೆ. ವಸಿಷ್ಠರ ಶಾಪದಿಂದ ದೇಹವನ್ನು ಕಳೆದುಕೊಂಡ ಅವನು, ದೇವತೆಗಳು ವರ ಕೊಡಲು ಬಂದಾಗ ಮತ್ತೆ ದೇಹವನ್ನು ಬೇಡಲಿಲ್ಲ. ಎಲ್ಲ ಜೀವಿಗಳ ಕಣ್ಣುಗಳಲ್ಲಿ ನೆಲೆಸುವ ವರವನ್ನು ಬೇಡಿದನಂತೆ. ಅಂದಿನಿಂದ ಪ್ರಾಣಿಗಳು ರೆಪ್ಪೆ ಬಡಿಯತೊಡಗಿದವೆಂದೂ, ರೆಪ್ಪೆ ಬಡಿಯದ ದೇವತೆಗಳು ‘ಅನಿಮಿಷ’ರೆಂದೂ ಹೇಳುವುದುಂಟು. ಕಣ್ಣು, ಕಿವಿ, ಮೂಗುಗಳ ಚಿಕಿತ್ಸೆಯನ್ನು ತಿಳಿಸುವ ಶಾಲಾಕ್ಯತಂತ್ರಕ್ಕೂ ವಿದೇಹದ ಅರಸನಾದ ನಿಮಿಯೇ ಮೂಲಪುರುಷನೆಂದು ಆಯುರ್ವೇದದ ಸಂಪ್ರದಾಯ ನಂಬುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರವು ಕಣ್ಣಿನ ೭೬ ರೋಗಗಳನ್ನು ಎಣಿಸಿ, ಅವುಗಳಲ್ಲಿ ೨೧ನ್ನು ರೆಪ್ಪೆಗೆ ಸೇರಿದವೆಂದು ಬೇರ್ಪಡಿಸಿದೆ. ರೆಪ್ಪೆಯ ಕೂದಲು ಒಳಮುಖವಾಗಿ ತಿರುಗಿ ಕಣ್ಣನ್ನು ಚುಚ್ಚಿದಾಗ, ಹುಬ್ಬಿನ ಕೆಳಗೆ ಜವೆಗೋದಿಯ ಕಾಳಿನ ಆಕಾರದಲ್ಲಿ ಚರ್ಮವನ್ನು ಕತ್ತರಿಸಿ ತೆಗೆದು ಕೂದಲಿನಿಂದ ಹೊಲಿಯಬೇಕೆಂದು ಅದು ವಿಧಿಸುತ್ತದೆ. ಇಂದು ನಮ್ಮ ಕೈಯಲ್ಲಿರುವ ದಾರ ಬೇರೆ, ವಿಧಾನವೂ ಬೇರೆ; ಆದರೆ ಆ ಪ್ರಾಚೀನ ಕೈ ಎತ್ತ ಚಲಿಸಿತೆಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ರೆಪ್ಪೆಯ ಚರ್ಮ ನಮ್ಮ ಮೈಯ ಚರ್ಮದಲ್ಲೆಲ್ಲ ಅತ್ಯಂತ ತೆಳುವಾದುದು. ಅದರ ಕೆಳಗೆ ಕಣ್ಣನ್ನು ಮುಚ್ಚುವ ಸ್ನಾಯು ಉಂಗುರದಂತೆ ಸುತ್ತಿಕೊಂಡಿದೆ. ಅದರ ಹಿಂದೆ ರೆಪ್ಪೆಗೆ ಗಡಸುತನ ಕೊಡುವ ಒಂದು ತೆಳು ಫಲಕ. ಆ ಫಲಕದೊಳಗೆ ಕಣ್ಣೀರು ಬೇಗನೆ ಆರದಂತೆ ಎಣ್ಣೆಯನ್ನು ಒಸರುವ ಗ್ರಂಥಿಗಳ ಸಾಲು. ಮೇಲಿನ ರೆಪ್ಪೆಯನ್ನು ಎತ್ತುವ ಸ್ನಾಯು ಕಣ್ಣುಗೂಡಿನ ಆಳದಿಂದ ಹೊರಟು ಮುಂದಕ್ಕೆ ಬರುತ್ತದೆ. ನಿಮಿಷಕ್ಕೆ ಸುಮಾರು ೧೫ ಬಾರಿ ರೆಪ್ಪೆ ಬಡಿಯುತ್ತೇವೆ ಎಂದರೆ, ಎಚ್ಚರವಿರುವ ಹದಿನಾರು ಗಂಟೆಗಳಲ್ಲಿ ಹದಿನಾಲ್ಕು ಸಾವಿರ ಬಾರಿಗೂ ಮೇಲಾಯಿತು. ಒಂದೊಂದು ಸಲವೂ ಕಣ್ಣು ತೊಳೆಯಲ್ಪಡುತ್ತದೆ, ಒದ್ದೆಯಾಗುತ್ತದೆ. ಈ ಕೆಲಸ ನಿಂತಾಗಲೇ ನಮಗೆ ಅದರ ಬೆಲೆ ತಿಳಿಯುವುದು.

ಬಯಲುಸೀಮೆಯ ಒಂದು ಊರಿನ ಶಿಬಿರಕ್ಕೆ ಒಮ್ಮೆ ಆರು ವರ್ಷದ ಹುಡುಗಿಯೊಬ್ಬಳನ್ನು ಅವಳ ತಾಯಿಯೂ ಅಜ್ಜಿಯೂ ಕರೆತಂದರು. ಹುಟ್ಟಿನಿಂದಲೇ ಅವಳ ಎರಡು ರೆಪ್ಪೆಗಳೂ ಜೋಲುಬಿದ್ದಿದ್ದವು. ಎಡಗಡೆಯದು ಪಾಪೆಯನ್ನೇ ಮುಚ್ಚಿತ್ತು. ರೆಪ್ಪೆಯ ಕೆಳಗಿನ ಸಂದಿನಲ್ಲಿ ನೋಡಬೇಕಾದುದರಿಂದ ಅವಳು ಹಣೆಯನ್ನು ನೆರಿಗೆಗಟ್ಟಿಸಿ, ಗಲ್ಲವನ್ನು ಮೇಲೆತ್ತಿ ನಡೆಯುತ್ತಿದ್ದಳು. ಊರಿನ ಮಕ್ಕಳು ಅವಳನ್ನು ‘ಸೊಕ್ಕಿನವಳು’ ಎಂದು ಕರೆದರೆ, ಶಾಲೆಯಲ್ಲಿ ತೂಕಡಿಸುವವಳೆಂಬ ಹೆಸರು ಬಂದಿತ್ತು. ತಾಯಿ ಮಾತನಾಡಲಿಲ್ಲ. ಅಜ್ಜಿಯೇ ಹೇಳಿದಳು:

“ಗ್ರಹಣದ ದಿನ ಹೊರಗೆ ಹೋಗಬೇಡ ಅಂತ ಬಡ್ಕೊಂಡೆ ಸ್ವಾಮಿ. ಬಸುರಿ ಹೆಂಗಸು, ಕೇಳಲೇ ಇಲ್ಲ. ಆ ಕತ್ತಲೆಯೇ ಮಗೀನ ಕಣ್ಣಿಗೆ ಕವಿಕೊಂಡೈತೆ.”

ಆರು ವರ್ಷಗಳಿಂದ ಆ ತಾಯಿ ಈ ಆರೋಪವನ್ನು ಹೊತ್ತು ಬದುಕಿದ್ದಳು. ಮಗುವಿನ ರೆಪ್ಪೆಯನ್ನು ಎತ್ತುವ ಮೊದಲು ತಾಯಿಯ ತಲೆಯನ್ನು ಎತ್ತಬೇಕಾಗಿತ್ತು. “ಅಜ್ಜಿ, ರೆಪ್ಪೆ ಎತ್ತುವ ಸ್ನಾಯು ಹೊಟ್ಟೆಯೊಳಗೆ ಸರಿಯಾಗಿ ಬೆಳೆದಿಲ್ಲ, ಅಷ್ಟೆ. ಗ್ರಹಣ ನೋಡದವರ ಮಕ್ಕಳಿಗೂ ಇದು ಬರುತ್ತದೆ. ನಿಮ್ಮ ಸೊಸೆಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ” ಎಂದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಕೈ ಹಚ್ಚಿ ಸ್ವಾಮಿ” ಎಂದಳು. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಇಂಥ ರೋಗವನ್ನು ಅಳೆಯಲು ದೊಡ್ಡ ಯಂತ್ರವೇನೂ ಬೇಕಾಗಿಲ್ಲ. ವಿದ್ಯಾರ್ಥಿಗಳ ಕೈಯಲ್ಲಿರುವಂಥ ಒಂದು ಅಳತೆಪಟ್ಟಿ ಸಾಕು. ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಮಗುವಿಗೆ ಕೆಳಗೆ ನೋಡು, ಮೇಲೆ ನೋಡು ಎನ್ನುತ್ತೇವೆ. ರೆಪ್ಪೆಯ ಅಂಚು ಎಷ್ಟು ಮಿಲಿಮೀಟರು ಚಲಿಸಿತೆಂಬುದೇ ಸ್ನಾಯುವಿನ ಬಲ. ಆರೋಗ್ಯವಂತರಲ್ಲಿ ಅದು ಹನ್ನೆರಡನ್ನು ಮೀರುತ್ತದೆ. ಸ್ವಲ್ಪವಾದರೂ ಬಲವಿದ್ದರೆ ಆ ಸ್ನಾಯುವನ್ನೇ ಮೊಟಕುಗೊಳಿಸಿ ಬಿಗಿಯಾಗಿ ಹೊಲಿಯಬಹುದು. ಈ ಹುಡುಗಿಯಲ್ಲಿ ಮೂರು ಮಿಲಿಮೀಟರೂ ಇರಲಿಲ್ಲ. ಆಗ ಉಳಿಯುವ ದಾರಿಯೆಂದರೆ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುವುದು. ತೊಡೆಯ ಸ್ನಾಯುವನ್ನು ಹೊದ್ದಿರುವ ಬಿಳಿಯ ಪೊರೆಯಿಂದ ಸಣ್ಣ ಪಟ್ಟಿಯೊಂದನ್ನು ತೆಗೆದು, ಚರ್ಮದ ಕೆಳಗೆ ಹುಬ್ಬಿನಿಂದ ರೆಪ್ಪೆಯವರೆಗೆ ಪೋಣಿಸುತ್ತೇವೆ. ಹುಬ್ಬೇರಿಸಿದರೆ ರೆಪ್ಪೆಯೂ ಏರುತ್ತದೆ. ಮಗು ತನ್ನಷ್ಟಕ್ಕೆ ತಾನೇ ಹಣೆಯಿಂದ ಮಾಡುತ್ತಿದ್ದ ಪ್ರಯತ್ನಕ್ಕೆ ನಾವು ಒಂದು ಹಗ್ಗವನ್ನು ಒದಗಿಸಿಕೊಟ್ಟಂತೆ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಎಳವೆಯಲ್ಲಿ ಬೆಳಕನ್ನು ಕಾಣದ ಕಣ್ಣಿನ ಮಾತನ್ನು ಮಿದುಳು ಕೇಳಲು ಕಲಿಯುವುದಿಲ್ಲ. ಕಣ್ಣು ಸರಿಯಾಗಿದ್ದರೂ ನೋಟ ಮಂದವಾಗುತ್ತದೆ. ಇದನ್ನು ‘ಸೋಮಾರಿ ಕಣ್ಣು’ ಎನ್ನುತ್ತಾರೆ. ಕಲಿಸುವ ಅವಕಾಶ ಬಾಲ್ಯದಲ್ಲಿಯೇ ಹೆಚ್ಚು. ವರ್ಷಗಳು ಉರುಳಿದಂತೆ ಬಾಗಿಲು ಮುಚ್ಚುತ್ತ ಹೋಗುತ್ತದೆ. ಅವಳ ಬಲಗಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಹಾಕಿ ಎಡಗಣ್ಣಿಗೆ ದುಡಿಮೆ ಕಲಿಸಬೇಕಾಯಿತು. ಆ ಪಟ್ಟಿಯನ್ನು ತಪ್ಪದೆ ಹಾಕಿದವಳು ಅಜ್ಜಿಯೇ. ಎಡಗಣ್ಣಿನ ನೋಟ ಪೂರ್ಣವಾಗಿ ಬರಲಿಲ್ಲ. ಆದರೆ ಓದುವಷ್ಟು ಬಂದಿತು. ಎರಡು ವರ್ಷ ಮುಂಚೆ ಬಂದಿದ್ದರೆ ಇನ್ನಷ್ಟು ಬರುತ್ತಿತ್ತೇನೋ.

ಜೋಲುಬಿದ್ದ ರೆಪ್ಪೆಗೆಲ್ಲ ಕತ್ತರಿಯೇ ಮದ್ದೆಂದು ಯಾರೂ ಭಾವಿಸಬಾರದು. ಬೆಳಗ್ಗೆ ಸರಿಯಾಗಿದ್ದು ಸಂಜೆಗೆ ಜೋಲುವ ರೆಪ್ಪೆ, ನರದ ಆಜ್ಞೆ ಸ್ನಾಯುವಿಗೆ ತಲುಪದ ರೋಗದ ಸೂಚನೆಯಾಗಿರಬಹುದು, ಅದಕ್ಕೆ ಔಷಧಿಯುಂಟು. ದೊಡ್ಡವರಲ್ಲಿ ರೆಪ್ಪೆ ಹಠಾತ್ತನೆ ಬಿದ್ದು, ತಲೆನೋವು ಬಂದು, ಒಂದು ವಸ್ತು ಎರಡಾಗಿ ಕಂಡರೆ ಮಿದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರಬಹುದು. ಆಗ ಒಂದು ಗಂಟೆಯೂ ತಡಮಾಡಬಾರದು. ಇನ್ನು, ತೆರೆಯದ ರೆಪ್ಪೆಗಿಂತ ಮುಚ್ಚದ ರೆಪ್ಪೆಯೇ ಹೆಚ್ಚು ಅಪಾಯಕಾರಿ. ಮುಖದ ನರ ಸೋತವರಲ್ಲಿ, ಕುಷ್ಠರೋಗಕ್ಕೆ ತಡವಾಗಿ ಚಿಕಿತ್ಸೆ ಪಡೆದವರಲ್ಲಿ, ನಿದ್ರೆಯಲ್ಲಿಯೂ ಕಣ್ಣು ತೆರೆದೇ ಇದ್ದು, ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ. ಆದುದರಿಂದಲೇ ರೆಪ್ಪೆಯನ್ನು ಎತ್ತುವಾಗ ಒಂದು ಮಿಲಿಮೀಟರಿನ ಅತಿಯಾಸೆಯೂ ನಮಗೆ ಸಲ್ಲದು.

ನಮ್ಮ ದೇಶದಲ್ಲಿ ರೆಪ್ಪೆಯ ಮೂಲಕ ಕಣ್ಣನ್ನು ಕೆಡಿಸಿದ ದೊಡ್ಡ ವೈರಿಯೆಂದರೆ ಟ್ರಕೋಮಾ. ಕೊಳಕು ಕೈ, ಕೊಳಕು ಬಟ್ಟೆ, ನೊಣಗಳಿಂದ ಹರಡುವ ಈ ಸೋಂಕು ಮತ್ತೆ ಮತ್ತೆ ತಗುಲಿ, ರೆಪ್ಪೆಯ ಒಳಭಾಗದಲ್ಲಿ ಕಲೆಗಟ್ಟಿ, ಅದನ್ನು ಒಳಕ್ಕೆ ಮಡಿಸುತ್ತದೆ. ಆಗ ಕಾವಲುಗಾರನ ಈಟಿಯೇ ಒಡೆಯನನ್ನು ಚುಚ್ಚಿದ ಹಾಗೆ, ರೆಪ್ಪೆಗೂದಲು ಪ್ರತಿ ಬಡಿತಕ್ಕೂ ಕರಿಗುಡ್ಡೆಯನ್ನು ಗೀರುತ್ತದೆ. ಉತ್ತರ ಮತ್ತು ಪಶ್ಚಿಮ ಭಾರತದ ಒಣನಾಡುಗಳಲ್ಲಿ ಇದರ ಹಾವಳಿ ವಿಪರೀತವಾಗಿತ್ತು. ೧೯೬೩ರಲ್ಲಿ ಇದರ ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಯಿತು. ರೆಪ್ಪೆಯ ಶಸ್ತ್ರಚಿಕಿತ್ಸೆ, ಔಷಧಿ, ಮುಖದ ಶುಚಿತ್ವ, ನೀರು ಮತ್ತು ಪರಿಸರದ ನೈರ್ಮಲ್ಯ, ಈ ನಾಲ್ಕೂ ಕೂಡಿ ದುಡಿದ ಫಲವಾಗಿ, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮಾ ಭಾರತದಲ್ಲಿ ಕೊನೆಗೊಂಡಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೪ರಲ್ಲಿ ಮಾನ್ಯಮಾಡಿತು. ಈ ಗೆಲುವಿನಲ್ಲಿ ಶಸ್ತ್ರವೈದ್ಯನ ಪಾಲಿರುವಷ್ಟೇ ಒಂದು ಬಿಂದಿಗೆ ಶುದ್ಧ ನೀರಿನ ಪಾಲೂ ಇದೆ.

ರೆಪ್ಪೆ ಬಾಗಿಲಾದರೆ ಕಣ್ಣುಗೂಡು ಮನೆ. ಏಳು ಮೂಳೆಗಳು ಕೂಡಿ ಕಟ್ಟಿದ ಈ ಗೂಡಿನ ಅಂಚು ಗಟ್ಟಿ. ಮೂಗಿನ ಕಡೆಯ ಗೋಡೆಯೂ ನೆಲವೂ ಮಾತ್ರ ಕಾಗದದಷ್ಟು ತೆಳು. ಕ್ರಿಕೆಟ್ ಚೆಂಡೋ ಮುಷ್ಟಿಯೋ ಕಣ್ಣಿಗೆ ಬಲವಾಗಿ ಬಡಿದಾಗ ಆ ನೆಲ ಒಡೆಯುವುದುಂಟು. ಮಕ್ಕಳ ಎಳೆಯ ಮೂಳೆ ಬಾಗಿ ಬಿರಿದು ಮತ್ತೆ ಮುಚ್ಚಿಕೊಳ್ಳುವಾಗ ಕಣ್ಣು ತಿರುಗಿಸುವ ಸ್ನಾಯು ಅದರಲ್ಲಿ ಸಿಕ್ಕಿಕೊಳ್ಳಬಹುದು. ಹೊರಗೆ ಕಣ್ಣು ಕೆಂಪಾಗಿಯೂ ಇರುವುದಿಲ್ಲ. ಮಗು ವಾಂತಿ ಮಾಡುತ್ತದೆ, ಮೇಲೆ ನೋಡಲಾರದು. ಇದನ್ನು ಬರಿಯ ತಲೆಪೆಟ್ಟೆಂದು ಬಗೆದು ದಿನಗಳನ್ನು ಕಳೆದರೆ ಸ್ನಾಯು ಶಾಶ್ವತವಾಗಿ ಕೆಡುತ್ತದೆ.

೨೦೨೧ರಲ್ಲಿ, ಕೊರೋನಾದ ಎರಡನೆಯ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂದಾಗ, ಈ ತೆಳುಗೋಡೆ ಎಂಥದೆಂಬುದನ್ನು ದೇಶವೇ ಕಂಡಿತು. ಮೂಗಿನ ಪಕ್ಕದ ಕುಳಿಗಳಿಂದ ಶಿಲೀಂಧ್ರ ಕಣ್ಣುಗೂಡಿಗೆ ದಾಟಿತು. ಮಧುಮೇಹಿಗಳೇ ಹೆಚ್ಚಾಗಿ ಬಲಿಯಾದರು. ಕೆಲವರಲ್ಲಿ ಜೀವವುಳಿಸಲು ಕಣ್ಣನ್ನೂ ಗೂಡಿನೊಳಗಿನ ಸಮಸ್ತವನ್ನೂ ತೆಗೆಯಬೇಕಾಯಿತು. ಕಣ್ಣುಳಿಸಲು ಕಲಿತ ಕೈಗೆ ಅದಕ್ಕಿಂತ ಕಠಿಣವಾದ ಕೆಲಸವಿಲ್ಲ. ಒಬ್ಬ ರೈತರಿಗೆ ನಾನು ಈ ವಿಷಯ ತಿಳಿಸಲು ಮಾತು ಹುಡುಕುತ್ತಿದ್ದಾಗ ಅವರೇ, “ತೆಗೀರಿ ಡಾಕ್ಟ್ರೇ. ಒಂದು ಕಣ್ಣಾದರೂ ಹೊಲದ ಬದು ಕಾಣುತ್ತದೆ” ಎಂದರು. ಆ ಮಾತು ನನಗೆ ಧೈರ್ಯ ಕೊಟ್ಟಿತು.

ನಮ್ಮ ವಿದ್ಯೆ ಹೊಸ ರೆಪ್ಪೆಯನ್ನು ಸೃಷ್ಟಿಸಲಾರದು. ಇದ್ದುದನ್ನು ಎತ್ತಬಹುದು, ತಿರುಗಿಸಬಹುದು, ಹರಿದುದನ್ನು ಕೂಡಿಸಬಹುದು, ಇನ್ನೊಂದು ಕಡೆಯ ಚರ್ಮವನ್ನು ಎರವಲು ತರಬಹುದು. ಅದಕ್ಕೂ ರೋಗಿ ಸಕಾಲದಲ್ಲಿ ಬರಬೇಕು. ಬರುವ ದಾರಿಯಲ್ಲಿ ಅಡ್ಡ ನಿಲ್ಲುವುದು ಅನೇಕ ವೇಳೆ ಬಡತನವೊಂದೇ ಅಲ್ಲ. ನಾಚಿಕೆ, ಶಕುನ, ನೆರೆಯವರ ಹಾಸ್ಯ ಇವೂ ನಿಲ್ಲುತ್ತವೆ. ಓರೆಯಾದ ಮುಖವನ್ನು ಕಂಡು ನಗುವ ಮೊದಲು, ಆ ಮುಖ ಏಕೆ ಓರೆಯಾಯಿತೆಂದು ಕೇಳುವ ಸೌಜನ್ಯ ನಮ್ಮಲ್ಲಿದ್ದರೆ, ಎಷ್ಟೋ ಕಣ್ಣುಗಳು ವೈದ್ಯನ ಬಳಿಗೆ ಬೇಗ ಬಂದಾವು. ಕಣ್ಣಿಗೆ ರೆಪ್ಪೆ ಕಾವಲು. ರೆಪ್ಪೆ ಸೋತಾಗ ನೆರೆಹೊರೆಯ ಮನುಷ್ಯರೇ ಕಾವಲು.