ಹಂಡೆ ನೀರು ಮತ್ತು ನಾರ್ಮಲ್ ರಿಪೋರ್ಟ್

ನಮ್ಮ ಸಾಫ್ಟ್‌ವೇರ್ ಮಂದಿಗೆ ದೊಡ್ಡ ತಲೆನೋವು ಅಂದ್ರೆ ಕರೆದಾಗ ಬರದ ಬಗ್. ಕಸ್ಟಮರ್ ಕಡೆ ದಿನಾ ಕ್ರ್ಯಾಶ್ ಆಗ್ತಿರುತ್ತೆ, ನಮ್ಮ ಮಷಿನ್ನಿನಲ್ಲಿ ಓಡಿಸಿದ್ರೆ ಎಲ್ಲಾ ಚಂದ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನನ್ನ ಕಾಕಾನ ಮಗಳ ಇಇಜಿ ರಿಪೋರ್ಟ್ ಕೈಗೆ ಬಂದಾಗ ನೆನಪಾದದ್ದು ಇದೇ. ಅದರ ಕೊನೆಯಲ್ಲಿ ಇದ್ದದ್ದು ಒಂದೇ ಪದ: ನಾರ್ಮಲ್.

ನಮ್ಮೂರು ಧಾರವಾಡದಿಂದ ಒಂದು ಗಂಟೆಯ ಹಾದಿ. ಅಲ್ಲಿ ಜಳಕ ಅಂದ್ರೆ ಹಂಡೆಯಲ್ಲಿ ಕಾಸಿದ ಸುಡು ಸುಡು ನೀರು, ತಂಬಗಿ ಮೇಲೆ ತಂಬಗಿ ತಲೆಗೆ ಸುರಿಯಬೇಕು. ಹುಡುಗಿಗೆ ಫಿಟ್ಸ್ ಬರ್ತಿದ್ದದ್ದು ಬಚ್ಚಲಲ್ಲಿ ಮಾತ್ರ, ಅದೂ ತಲೆಗೆ ಎರೆದುಕೊಳ್ಳುವ ದಿನ. ಕಣ್ಣು ನೆಟ್ಟು, ಮಾತು ತೊದಲಿ, ಕುಸಿದು ಬೀಳುವಳು. ಬಚ್ಚಲಲ್ಲಿ ಏನೋ ಸೇರಿಕೊಂಡಿದೆ ಅಂತ ಮೊದಲು ಮಾತಾಯ್ತು. ರಿಪೋರ್ಟ್ ಬಂದ ಮೇಲೆ ಓಣಿಯವರು ರಾಗ ಬದಲಿಸಿದರು, ನಾಟಕ ಮಾಡ್ತಾಳೆ ಅಂತ.

"ಮಷಿನ್ಯಾಗ ಏನೂ ಇಲ್ಲಂತ ಬಂದೈತಲ್ಲೋ ತಮ್ಮಾ, ಮತ್ಯಾಕ ಬೀಳತಾಳಕಿ?" ಅಂದ್ರು ಕಾಕಾ.

ಇಇಜಿ ಏನು ಅಳೆಯುತ್ತೆ ಅಂತ ಓದಿದೆ. ಮೆದುಳಿನ ಹೊರಪದರದ ಅಸಂಖ್ಯ ನರಕೋಶಗಳು ಒಟ್ಟೊಟ್ಟಿಗೆ ಮಿಡಿದಾಗ ಏಳುವ ವಿದ್ಯುತ್ ಅಲೆಯನ್ನು ಅದು ತಲೆಯ ಚರ್ಮದ ಮೇಲಿಂದ ಹಿಡಿಯುತ್ತೆ. ಅಳತೆ ಮೈಕ್ರೋವೋಲ್ಟಿನಲ್ಲಿ, ಅಂದ್ರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮನುಷ್ಯನ ತಲೆಯಿಂದ ಇದನ್ನು ಮೊದಲು ದಾಖಲಿಸಿ 1929ರಲ್ಲಿ ಪ್ರಕಟಿಸಿದವರು ಜರ್ಮನಿಯ ಹಾನ್ಸ್ ಬರ್ಗರ್. ಆದರೆ ಮಾಮೂಲಿ ಪರೀಕ್ಷೆ ನಡೆಯೋದು ಅರ್ಧ ತಾಸು, ಒಣ ಹಾಸಿಗೆಯ ಮೇಲೆ. ನಮ್ಮ ಹುಡುಗಿಯ ಸೆಳವು ಬರೋದು ಬಚ್ಚಲಲ್ಲಿ. ಆ ಅರ್ಧ ತಾಸು ಮೆದುಳು ಶಾಂತವಾಗಿತ್ತು ಅಂತಷ್ಟೇ ರಿಪೋರ್ಟಿನ ಅರ್ಥ.

ಈ ಕಾಯಿಲೆಗೆ 'ಬಿಸಿನೀರಿನ ಅಪಸ್ಮಾರ' ಅಂತ ಹೆಸರೇ ಇದೆ. ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ ಇದು ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಜನರ ವಿವರ ಪ್ರಕಟಿಸಿದರು. ಸೆಳವಿಲ್ಲದ ಹೊತ್ತಲ್ಲಿ ಇವರಲ್ಲಿ ಹೆಚ್ಚಿನವರ ಇಇಜಿ ನಾರ್ಮಲ್ಲೇ ಇರುತ್ತೆ.

ಹಾಗಾದ್ರೆ ಸೆಳವಿನ ಹೊತ್ತಿನ ಅಲೆಯನ್ನು ಹಿಡಿಯೋದು ಹೇಗೆ? ತಲೆಗೆ ವೈರು ಅಂಟಿಸಿಕೊಂಡವರ ಮೇಲೆ ಬಿಸಿನೀರು ಸುರಿಯೋದು ಸುಲಭವಲ್ಲ, ಬೇಕಂತಲೇ ಸೆಳವು ಬರಿಸೋದು ಅಪಾಯ. ಸತೀಶ್ಚಂದ್ರ ಅವರು ಉಲ್ಲಾಳ್ ಮತ್ತು ಶಂಕರ್ ಅವರೊಡನೆ 1996ರಲ್ಲಿ ಪ್ರಕಟಿಸಿದ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಇಲಿಗಳ ತಲೆಗೆ ಬಿಸಿನೀರು ಬಿಟ್ಟರು. ಮೈ ಕಾವು ಏರಿ ಸೆಳವು ಬಂತು. ಮೆದುಳಿಗೆ ಹಾಕಿದ್ದ ಎಲೆಕ್ಟ್ರೋಡುಗಳು ಆ ವಿದ್ಯುತ್ ಸ್ಫೋಟವನ್ನು ದಾಖಲಿಸಿದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ಕೊನೆಗೂ ಲ್ಯಾಬಿನಲ್ಲಿ ರಿಪ್ರೊಡ್ಯೂಸ್ ಆಯ್ತು. ಆ ಇಲಿಗಳ ಬಗ್ಗೆ ಓದುವಾಗ ಖುಷಿಯೇನೂ ಆಗಲಿಲ್ಲ. ಆದರೆ ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಮುಂದೆ ತೋರಿಸಿದ ನರರೋಗ ತಜ್ಞರು ರಿಪೋರ್ಟಿಗಿಂತ ಮೊದಲು ಬಚ್ಚಲಿನ ಬಗ್ಗೆ ಕೇಳಿದರು. ಎಷ್ಟು ಬಿಸಿ, ಎಷ್ಟು ತಂಬಗಿ, ಎಷ್ಟು ಹೊತ್ತಿಗೆ ಬೀಳ್ತಾಳೆ? ಉಗುರುಬೆಚ್ಚಗಿನ ನೀರು ಮತ್ತು ತಲೆಸ್ನಾನಕ್ಕೆ ಮೊದಲು ಒಂದು ಗುಳಿಗೆ, ಇಷ್ಟೇ ಚಿಕಿತ್ಸೆ. ಎರಡು ವರ್ಷವಾಯ್ತು, ಮತ್ತೆ ಬಿದ್ದಿಲ್ಲ.

ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಮಂದಿಯ ತಲೆಯಿಂದ ಹೋಗಿಲ್ಲ. ಈ ಸಲ ಗಂಡಿನ ಕಡೆಯವರು ಬರುವ ಮುಂಚೆ ಯಾರೋ ಹಿರಿಯರು ಕಾಕಾನ ಕಿವಿಯಲ್ಲಿ, "ಆ ನಾರ್ಮಲ್ ರಿಪೋರ್ಟ್ ಐತಲ್ಲ, ಅದನ್ನ ತೋರಿಸಿಬಿಡು" ಅಂದರಂತೆ. ಅವಳನ್ನು ನಾಟಕದವಳು ಮಾಡಿದ್ದ ಅದೇ ಕಾಗದ!

"ಬ್ಯಾಡಪಾ," ಅಂದಳಂತೆ ಹುಡುಗಿ, "ಅವರ ಮನ್ಯಾಗೂ ಹಂಡೆ ಇರತೈತಿ. ಇದ್ದದ್ದು ಹೇಳಿಬಿಡು."

ಕಾಕಾ ಎಲ್ಲಾ ಹೇಳಿದ್ದಾರೆ. ಆ ಕಡೆಯಿಂದ ಇನ್ನೂ ಫೋನ್ ಬಂದಿಲ್ಲ.